ಕಡಿಮೆ ಖರ್ಚಿನಲ್ಲಿ ನಾನು ಮನೆ ಚೆಂದ ಮಾಡಿದ್ದು

ಅಳತೆ ಮಾಡದೆ ಕೆಲಸ ಕೆಡಿಸಿಕೊಂಡವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಸರಿಯಾಗಿ ಅಳತೆ ಮಾಡಿಯೂ ಕೆಡಿಸಿಕೊಳ್ಳುವುದು ಮಾತ್ರ ನಮ್ಮ ಮನೆಯಲ್ಲಿ ಮೇಲಿಂದ ಮೇಲೆ ನಡೆಯುತ್ತದೆ.

ನಾನು ಹೈಸ್ಕೂಲಿನ ಗಣಿತದ ಮೇಷ್ಟರು. ಚಾಮರಾಜಪೇಟೆಯ ಚಿಕ್ಕ ಮನೆಯಲ್ಲಿ ಇಪ್ಪತ್ತೆರಡು ವರ್ಷ ನಾವಿಬ್ಬರೇ ಇದ್ದೆವು. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಆಮೇಲೆ ಮನೆಯಲ್ಲಿ ನಾನು ಯಾವುದನ್ನೂ ಕದಲಿಸಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನು ಕೂಡ.

ಯುಗಾದಿಗೆ ಬಂದ ಅಕ್ಕ ಆ ಕ್ಯಾಲೆಂಡರನ್ನೂ ಚಕ್ಕೆ ಎದ್ದ ಗೋಡೆಯನ್ನೂ ನೋಡಿದಳು.

"ಇದು ಮನೆ ಥರ ಇದೆಯೇನೋ? ರೈಲ್ವೆ ವೇಟಿಂಗ್ ರೂಮ್ ಥರ ಇದೆ. ಸಾಮಾನು ಕಟ್ಟು, ನಮ್ಮನೇಗೆ ಬಂದ್ಬಿಡು. ಒಂದು ರೂಮ್ ಖಾಲಿ ಬಿದ್ದಿದೆ."

ಅಕ್ಕನ ಮನೆ ಕುಮಾರ ಪಾರ್ಕಿನ ಹೊಸ ಫ್ಲಾಟು.

"ಇಲ್ಲೇ ಇರ್ತೀನಿ ಅಕ್ಕ."

"ಹೀಗಾ? ಸರಿ, ಗಣೇಶನ ಹಬ್ಬದವರೆಗೆ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಇದು ಮನುಷ್ಯರು ವಾಸ ಮಾಡೋ ಮನೆ ಥರ ಕಾಣ್ಬೇಕು. ಇಲ್ಲಾಂದ್ರೆ ನಿನ್ನ ಕೇಳಲ್ಲ. ಟೆಂಪೋ ತಂದು ನಿಲ್ಲಿಸ್ತೀನಿ."

ನನಗೆ ಈ ಮನೆ ಬಿಡುವ ಮನಸ್ಸಿರಲಿಲ್ಲ. ಕಾರಣವನ್ನು ಹೇಳಲಿಲ್ಲ. ಕಡಿಮೆ ಖರ್ಚಿನಲ್ಲಿ ನಿಮ್ಮ ಮನೆಯನ್ನು ನೀವೇ ಅಂದಗೊಳಿಸಿ ಎನ್ನುವ ವಿಡಿಯೋಗಳು ಫೋನಿನಲ್ಲಿ ಬೇಕಾದಷ್ಟಿವೆ. ಹದಿನೇಳನ್ನು ನೋಡಿ, ನೋಟ್ಸ್ ಬರೆದುಕೊಂಡು, ಬೇಸಿಗೆ ರಜೆಯಲ್ಲಿ ಕೆಲಸ ಶುರುಮಾಡಿದೆ.

ಬಣ್ಣ

ನಡುಮನೆಯ ಗೋಡೆಗಳ ಉದ್ದ, ಎತ್ತರ ಅಳೆದೆ. ಬಾಗಿಲನ್ನೂ ಎರಡು ಕಿಟಕಿಗಳನ್ನೂ ಸ್ವಿಚ್ ಬೋರ್ಡನ್ನೂ ಕಳೆದೆ. ಒಂದು ಲೀಟರ್ ಬಣ್ಣ ಎಷ್ಟು ಚದರಡಿಗೆ ಬರುತ್ತದೆಂದು ಡಬ್ಬದ ಮೇಲೆ ಬರೆದಿರುತ್ತದೆ. ಅದರಿಂದ ಭಾಗಿಸಿದೆ.

ಅಕ್ಕಿಪೇಟೆ ಕಡೆಯ ಒಂದು ಬಣ್ಣದ ಅಂಗಡಿಯಲ್ಲಿ, ಯಾರೋ ಕಲಸಲು ಹೇಳಿ ತೆಗೆದುಕೊಳ್ಳದೆ ಬಿಟ್ಟುಹೋದ ಡಬ್ಬ ಒಂದಿತ್ತು. ಹೆಂಚಿನ ಕೆಂಪು. ಅರ್ಧ ಬೆಲೆ.

"ಇದು ಸಾಲಲ್ಲ ಸರ್, ಜೊತೆಗೆ ಇನ್ನೊಂದು ಬಣ್ಣ ನೋಡಿ" ಎಂದ ಅಂಗಡಿಯವನು.

"ಬೇಡ. ಲೆಕ್ಕ ಹಾಕ್ಕೊಂಡು ಬಂದಿದೀನಿ."

"ಮೇಷ್ಟ್ರಾ?"

"ಹೌದು. ಹೇಗೆ ಗೊತ್ತಾಯ್ತು?"

"ವರ್ಷಕ್ಕೆ ನಾಲ್ಕೈದು ಜನ ಬರ್ತಾರೆ ಸರ್. ಆಮೇಲೆ ವಾಪಸ್ಸೂ ಬರ್ತಾರೆ."

ನನ್ನ ಲೆಕ್ಕದಲ್ಲಿ ಗುಣಾಕಾರ ಸರಿಯಿತ್ತು, ಭಾಗಾಕಾರ ಸರಿಯಿತ್ತು. ಗೋಡೆಗೆ ಬಣ್ಣ ಎರಡು ಸಲ ಹೊಡೆಯಬೇಕು ಎನ್ನುವುದನ್ನು ಮಾತ್ರ ನಾನು ಸೇರಿಸಿರಲಿಲ್ಲ. ಕೆಳಗಿನಿಂದ ಶುರುಮಾಡಿ, ಮೊದಲ ಸಲ ತೆಳುವಾಗಿ ಕಂಡಲ್ಲೆಲ್ಲ ಇನ್ನೊಂದು ಸಲ ಹೊಡೆಯುತ್ತ, ನಾಲ್ಕು ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಡಬ್ಬ ಖಾಲಿಯಾಯಿತು. ಅದೇ ಬಣ್ಣ ಮತ್ತೆ ಸಿಗಲಿಲ್ಲ. ಮೇಲಿನರ್ಧಕ್ಕೆ ಸುಣ್ಣ ಹೊಡೆದೆ. ನಡುವೆ ದಾರ ಹಿಡಿದು ಗೆರೆ ಎಳೆದೆ. ಗೆರೆ ಎಲ್ಲಿಯೂ ಒಂದು ನೂಲು ಆಚೀಚೆ ಹೋಗಿಲ್ಲ.

ಒಣಗಲೆಂದು ಬೀದಿ ಬಾಗಿಲು ತೆರೆದಿಟ್ಟಿದ್ದೆ. ಪುಟ್ಟ ಹುಡುಗಿಯ ಕೈ ಹಿಡಿದುಕೊಂಡು ಒಬ್ಬ ಹೆಂಗಸು ಬಂದು ನಿಂತಳು.

"ಸರ್, ಒಂದನೇ ಕ್ಲಾಸಿಗೆ ಸೀಟ್ ಇದ್ಯಾ?"

"ಇದು ಸ್ಕೂಲಲ್ಲಮ್ಮ, ಮನೆ."

ಅವಳು ಕೆಳಗಿನ ಕೆಂಪನ್ನು ನೋಡಿದಳು, ಮೇಲಿನ ಬಿಳುಪನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸೀಮೆಸುಣ್ಣವನ್ನೂ ಅಡಿಪಟ್ಟಿಯನ್ನೂ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು:

"ಪರವಾಗಿಲ್ಲ ಸರ್. ಇಂಗ್ಲಿಷ್ ಮೀಡಿಯಂ ಇಲ್ಲದಿದ್ರೂ ನಡೆಯುತ್ತೆ."

ಪರದೆ

ಹಳೆಯ ಸೀರೆಯಿಂದ ಪರದೆ ಮಾಡುವ ವಿಡಿಯೋದಲ್ಲಿ ಮೊದಲ ಹಂತವೇ ಸೀರೆಯನ್ನು ಮೂರು ತುಂಡು ಮಾಡುವುದು. ಬೀರು ತೆರೆದು, ಹೆಂಡತಿ ಮನೆಯಲ್ಲಿ ಉಡುತ್ತಿದ್ದ ಹಸಿರು ನೂಲಿನ ಸೀರೆಯೊಂದನ್ನು ತೆಗೆದೆ. ಕತ್ತರಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಸೀರೆಯನ್ನು ಕತ್ತರಿಸದೆಯೂ ಪರದೆ ಮಾಡಬಹುದು ಎಂದು ತೀರ್ಮಾನಿಸಿ ಕತ್ತರಿಯನ್ನು ಒಳಗಿಟ್ಟೆ.

ಬೀದಿ ಕಡೆಯ ದೊಡ್ಡ ಕಿಟಕಿಯ ಅಗಲ ನಾಲ್ಕು ಅಡಿ, ಸೀರೆಯ ಉದ್ದ ಹದಿನೆಂಟು ಅಡಿ. ಹದಿನಾಲ್ಕು ಅಡಿ ನೆರಿಗೆಯಲ್ಲಿ ಹೋಗಬೇಕು. ನಾಲ್ಕು ನಾಲ್ಕು ಇಂಚಿಗೆ ಗುರುತು ಹಾಕಿ, ಮಡಿಸಿ, ಪಿನ್ನು ಚುಚ್ಚಿ, ಸರಳಿಗೆ ಕಟ್ಟಿದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ನಡುಮನೆಯಲ್ಲಿ ಲೈಟು ಹಾಕಬೇಕಾಯಿತು.

ನಮ್ಮ ಬೀದಿಗೆ ಬರುವ ಹೂವಿನಾಕೆ ಹನ್ನೊಂದು ವರ್ಷದಿಂದ ನನ್ನ ಹೆಂಡತಿಗೆ ಹೂ ಕೊಡುತ್ತಿದ್ದವಳು. ಈಗಲೂ ಅಭ್ಯಾಸಬಲದಿಂದ ನಮ್ಮ ಗೇಟಿನ ಹತ್ತಿರ ಒಂದು ಕ್ಷಣ ನಿಂತು ಮುಂದೆ ಹೋಗುತ್ತಾಳೆ. ಅಂದು ಮುಂದೆ ಹೋಗಲಿಲ್ಲ. ಕಿಟಕಿಯನ್ನೇ ನೋಡುತ್ತ ನಿಂತಳು.

"ಯಾರು ಬುದ್ಧಿ ಇದಕ್ಕೆ ಸೀರೆ ಉಡ್ಸಿರೋದು?"

"ನಾನೇ."

"ಗೊತ್ತಾಯ್ತೈತೆ ಬಿಡಿ. ಸೆರಗು ಎತ್ತ್ಲಾಗೋ ಹೋಗೈತೆ, ನೆರಿಗೆ ಎತ್ತ್ಲಾಗೋ ಹೋಗೈತೆ."

ಬುಟ್ಟಿ ಇಳಿಸಿ ಒಳಗೆ ಬಂದು, ನನ್ನ ಪಿನ್ನುಗಳನ್ನೆಲ್ಲ ಕಿತ್ತು ನನ್ನ ಕೈಗೇ ಕೊಟ್ಟು, ಬೆರಳಿನಲ್ಲಿ ನೆರಿಗೆ ಹಿಡಿದು ಎರಡು ನಿಮಿಷದಲ್ಲಿ ಎಲ್ಲವನ್ನೂ ಒಂದು ಪಕ್ಕಕ್ಕೆ ಸರಿಸಿ ಕಟ್ಟಿದಳು. ಮನೆಯೊಳಗೆ ಬೆಳಕು ಬಂತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಅಮ್ಮೋರು ಶುಕ್ರವಾರ ಶುಕ್ರವಾರ ಉಡ್ತಿದ್ರಲ್ಲ, ಅದೇ ಅಲ್ವಾ?"

"ಅದೇ."

ಅವಳು ಒಂದು ಮೊಳ ಮಲ್ಲಿಗೆ ಕತ್ತರಿಸಿ ಪರದೆಯ ಸರಳಿಗೆ ಮುಡಿಸಿ ಹೋದಳು. ಮಾರನೆಯ ದಿನವೂ ಬಂದು ಮುಡಿಸಿದಳು. ಮೂರನೆಯ ದಿನ ನಾನು ಬೇಡವೆಂದೆ.

"ನಿಮ್ಗೆ ಯಾರು ಕೊಟ್ರು ಬುದ್ಧಿ?" ಎಂದಳು. "ಸುಮ್ಕಿರಿ."

ಬುಟ್ಟಿ

ಕಾಗದವನ್ನು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಪಾತ್ರೆಯ ಬೆನ್ನಿಗೆ ಮೆತ್ತಿ ಒಣಗಿಸಿದರೆ ಗಟ್ಟಿ ಬುಟ್ಟಿಯಾಗುತ್ತದೆ. ನಮ್ಮಜ್ಜಿ ಮಾಡುತ್ತಿದ್ದರು. ಈಗ ಅದನ್ನೇ ಕರಕುಶಲ ಎಂದು ವಿಡಿಯೋದಲ್ಲಿ ತೋರಿಸುತ್ತಾರೆ.

ಮೆಂತ್ಯಕ್ಕೆ ತರಗುಪೇಟೆಗೆ ಹೋದೆ. ಸಗಟು ಅಂಗಡಿಯವರು ಐದು ಕೆ.ಜಿ.ಗಿಂತ ಕಡಿಮೆ ತೂಗುವುದಿಲ್ಲವೆಂದರು. ಆಗಲಿ, ಐದೇ ಕೊಡಿ ಎಂದೆ. ಅವರು ತಕ್ಕಡಿ ಬಿಟ್ಟು ನನ್ನ ಮುಖ ನೋಡಿದರು.

"ಶುಗರ್ ಎಷ್ಟಿದೆ ಸರ್?"

"ನನಗೆ ಶುಗರ್ ಇಲ್ಲ. ಬುಟ್ಟಿ ಮಾಡೋಕೆ."

"ಎಲ್ರೂ ಹಾಗೇ ಏನಾದ್ರೂ ಹೇಳ್ತಾರೆ ಸರ್. ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ."

ಕಾಗದಕ್ಕೆ ತೊಂದರೆಯಿರಲಿಲ್ಲ. ಅವಧಿ ಮುಗಿದು, ರದ್ದಿಗೆ ಹಾಕಬಹುದೆಂದು ಬಿಟ್ಟ, ನಾನೇ ಕೆಂಪು ಶಾಯಿಯಲ್ಲಿ ತಿದ್ದಿದ್ದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಒಂದು ಮೂಟೆಯಿದ್ದವು. ಮೂರು ದಿನ ನೆನೆಸಿ ರುಬ್ಬಿದೆ. ಒಣಗಿದ ಮೇಲೆ ನೋಡಿದರೆ ನಾನು ಯಾವ ಬಣ್ಣವನ್ನೂ ಹಾಕದಿದ್ದರೂ ಬುಟ್ಟಿ ತಿಳಿಗುಲಾಬಿಯಾಗಿತ್ತು. ಕಾರಣ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಶಾಲೆ ಶುರುವಾದ ಮೇಲೆ ನಮ್ಮ ಕ್ರಾಫ್ಟ್ ಟೀಚರಿಗೆ ಅದನ್ನು ತೋರಿಸಿದೆ. ಅವರು ಬುಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಎಷ್ಟು ಮೃದುವಾಗಿದೆ ಸರ್ ಕಲರ್! ಅಂಗಡೀಲಿ ಈ ಶೇಡ್ ಸಿಗಲ್ಲ. ಏನು ಹಾಕಿದ್ರಿ?"

"ಒಂಬತ್ತನೇ ಬಿ ಸೆಕ್ಷನ್."

ಶೆಲ್ಫು

ಪುಸ್ತಕಕ್ಕೊಂದು ಶೆಲ್ಫು ಹಾಕೋಣವೆಂದು ಡ್ರಿಲ್ ತಂದೆ. ಗೋಡೆಯ ದಪ್ಪವನ್ನು ಬೀದಿ ಬಾಗಿಲಿನ ಹತ್ತಿರ ಅಳೆದಿದ್ದೆ. ಹದಿನಾಲ್ಕು ಇಂಚಿತ್ತು. ಆದರೆ ಕೊರೆದದ್ದು ಪಕ್ಕದ ಮನೆಗೂ ನಮಗೂ ನಡುವೆ ಇರುವ ಗೋಡೆಯನ್ನು. ಅದು ನಾಲ್ಕೂವರೆ ಇಂಚು.

ಡ್ರಿಲ್ ಇದ್ದಕ್ಕಿದ್ದಂತೆ ಹಗುರವಾಯಿತು. ಆಚೆ ಕಡೆಯಿಂದ ದನಿ ಬಂತು. ಅಲ್ಲಿರುವವರು ನಿವೃತ್ತ ಗುಮಾಸ್ತರು.

"ಮೇಷ್ಟ್ರೇ, ಇದು ನಿಮ್ದಾ?"

"ಹೌದು ಸರ್. ದೊಡ್ಡ ತಪ್ಪಾಯ್ತು. ಈಗಲೇ ತೆಗೀತೀನಿ."

"ತಡೀರಿ, ತಡೀರಿ. ಎಳೀಬೇಡಿ."

"ಯಾಕೆ ಸರ್?"

"ಇಲ್ಲೊಂದು ಗೋಡೆ ಗಡಿಯಾರ ಹಾಕ್ಕೊಡಪ್ಪಾ ಅಂತ ಕಾರ್ಪೆಂಟರಿಗೆ ನಾಲ್ಕು ತಿಂಗಳಿಂದ ಹೇಳ್ತಿದೀನಿ. ಕರೆಕ್ಟಾಗಿ ಅದೇ ಜಾಗಕ್ಕೆ ಬಂದಿದೀರ."

ಕೊನೆಗೆ ಒಂದು ಉದ್ದನೆಯ ಬೋಲ್ಟು ತಂದು ತೂರಿಸಿದೆವು. ಈಚೆ ತುದಿಯಲ್ಲಿ ನನ್ನ ಶೆಲ್ಫು, ಆಚೆ ತುದಿಯಲ್ಲಿ ಅವರ ಗಡಿಯಾರ. ವ್ಯವಸ್ಥೆ ಚೆನ್ನಾಗಿಯೇ ಇದೆ. ಪರೀಕ್ಷೆಯ ದಿನಗಳಲ್ಲಿ ಶೆಲ್ಫು ತುಂಬಿ ಭಾರವಾದಾಗ ಮಾತ್ರ ಗೋಡೆಯಾಚೆಯಿಂದ ಕೂಗು ಬರುತ್ತದೆ:

"ಮೇಷ್ಟ್ರೇ, ಎರಡು ಪುಸ್ತಕ ತೆಗೀರಿ. ಗಡಿಯಾರ ಓರೆಯಾಗಿ ನಿಂತ್ಹೋಯ್ತು!"

ತಪಾಸಣೆ

ಹಬ್ಬದ ಹಿಂದಿನ ಭಾನುವಾರ ಅಕ್ಕ, ಭಾವ ಬಂದರು. ಅವರ ಕಾರಿನ ಹಿಂದೆ ಟೆಂಪೋ ಬಂದು ನಿಂತಿತು. ಪರೀಕ್ಷೆಗೆ ಮೊದಲೇ ಫಲಿತಾಂಶ ಬಂದಿದೆಯೆಂದು ನನಗೆ ಅರ್ಥವಾಯಿತು.

ಭಾವ ಒಳ್ಳೆಯವರು, ಮಾತು ಕಡಿಮೆ. ಅಕ್ಕ ಮಾತಾಡುವಾಗ ಕಾರಿನ ಕೀಯನ್ನು ನೋಡುತ್ತ ನಿಂತಿರುತ್ತಾರೆ. ಅಂದೂ ಹಾಗೇ ನಿಂತರು. ಅಕ್ಕ ನಡುಮನೆಯ ಮಧ್ಯದಲ್ಲಿ ಒಂದು ಸುತ್ತು ತಿರುಗಿದಳು.

"ಏನೋ ಇದು, ತಾಲ್ಲೂಕು ಆಫೀಸು? ಕಿಟಕಿಗೆ ಹೂ ಬೇರೆ! ಇದೇನು ಮೂಟೆ?"

"ಮೆಂತ್ಯ. ಇನ್ನೂ ನಾಲ್ಕು ಕೆ.ಜಿ. ಉಳಿದಿದೆ."

ಅಕ್ಕ ಭಾವನ ಕಡೆ ನೋಡಿದಳು. ಭಾವ ಕೀಯ ಕಡೆ ನೋಡಿದರು.

ಅವಳು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಅಲ್ಲಿ ನಾನು ಏನನ್ನೂ ಮಾಡಿರಲಿಲ್ಲ. ಎಣ್ಣೆ ಜಿಡ್ಡಿನ ಹಳೆಯ ಗೋಡೆ ಹಾಗೆಯೇ ಇತ್ತು. ಒಲೆಯ ಪಕ್ಕದಲ್ಲಿ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ತಾರೀಖುಗಳು ಪೆನ್ಸಿಲಿನಲ್ಲಿ ಒಂದರ ಕೆಳಗೊಂದು ಇದ್ದವು. ನನ್ನ ಅಕ್ಷರವಲ್ಲ.

"ಇದೊಂದನ್ನ ಯಾಕೆ ಬಿಟ್ಟೆ?" ಎಂದಳು ಅಕ್ಕ.

"ಬಣ್ಣ ಸಾಲಲಿಲ್ಲ."

ಅಕ್ಕ ಗೋಡೆಯ ಹತ್ತಿರ ಬಗ್ಗಿ ನೋಡಿದಳು. ಅವಳಿಗೆ ಆ ಅಕ್ಷರ ಗೊತ್ತು. ಆಮೇಲೆ ಮೂಗು ಒರೆಸಿಕೊಂಡು, ಇನ್ನೂ ಗಟ್ಟಿಯಾಗಿ ಹೇಳಿದಳು:

"ನೋಡು, ಇದಕ್ಕೇ ಹೇಳೋದು. ನೀನು ಇಲ್ಲಿ ಒಬ್ಬನೇ ಇರ್ಬಾರ್ದು. ನಾನು ಇನ್ನೇನೂ ಕೇಳಲ್ಲ. ಹೊರಡು."

ಅಕ್ಕನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಇಲ್ಲ. ನನಗೂ ಶಕ್ತಿಯಿರಲಿಲ್ಲ. ಪೆಟ್ಟಿಗೆ ತೆಗೆದು ನಾಲ್ಕು ಅಂಗಿ, ಎರಡು ಪಂಚೆ ಇಟ್ಟೆ. ಜಾಗ ಉಳಿದಿತ್ತು. ಡ್ರಿಲ್ ಇಟ್ಟೆ. ಮೂರು ಬ್ರಶ್ಶು, ರೋಲರ್, ಸುತ್ತಿಗೆ, ಅಳತೆ ಟೇಪು ಇಟ್ಟೆ. ಮೆಂತ್ಯದ ಮೂಟೆಯನ್ನು ಹೊತ್ತು ಬಾಗಿಲಿಗೆ ತಂದೆ. ಅಲ್ಲಿ ಭಾವ ಅಡ್ಡ ನಿಂತಿದ್ದರು.

"ಇದೆಲ್ಲ ಎಲ್ಲಿಗೆ ಮೇಷ್ಟ್ರೇ?"

"ನಿಮ್ಮನೇಗೇ ಭಾವ. ಅಲ್ಲಿ ಬಂದು ಸುಮ್ಮನೆ ಕೂತು ತಿನ್ನೋದು ಸರಿಯಲ್ಲ. ನನ್ನ ಕೈಲಾದ್ದು ಏನಾದ್ರೂ ಮಾಡಿಕೊಡ್ತೀನಿ."

"ಏನು ಮಾಡಿಕೊಡ್ತೀರಿ?"

ಭಾವ ಎರಡು ವರ್ಷ ಓಡಾಡಿ ಆ ಫ್ಲಾಟಿನ ಒಳಗಿನ ಕೆಲಸವನ್ನೆಲ್ಲ ಮಾಡಿಸಿದ್ದಾರೆ. ಗೋಡೆಗೆ ಮಿರಿಮಿರಿ ಹೊಳೆಯುವ ಕಾಗದ, ಮೇಲೆ ಫಾಲ್ಸ್ ಸೀಲಿಂಗ್, ಅದರೊಳಗೆ ಅಡಗಿಸಿಟ್ಟ ದೀಪ. ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ನಾನು ಯೋಚಿಸಿ, ಪ್ರಾಮಾಣಿಕವಾಗಿಯೇ ಹೇಳಿದೆ:

"ಹೋದ ಸಲ ಬಂದಾಗ ನೋಡಿದ್ದೆ. ನಿಮ್ಮ ಹಾಲ್‌ನಲ್ಲಿ ಆ ದೊಡ್ಡ ಗೋಡೆ ಪೂರ್ತಿ ಖಾಲಿ ಇದೆ. ಮೊದಲು ಅದನ್ನ ತಗೋತೀನಿ. ಸೀಲಿಂಗಿಗೆ ಆಮೇಲೆ ಕೈ ಹಾಕೋಣ."

ಭಾವ ಒಮ್ಮೆ ಕೆಂಪು ಬಿಳಿ ಗೋಡೆಯನ್ನು ನೋಡಿದರು. ಆಮೇಲೆ ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡರು.

"ಇವರು ಎಲ್ಲಿಗೂ ಬರೋದು ಬೇಡ" ಎಂದರು.

ಅವರಿಬ್ಬರ ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಅಕ್ಕನ ಮಾತಿಗೆ ಭಾವ ಎದುರಾಡಿದ್ದು ಅದೇ ಮೊದಲು. ಟೆಂಪೋದವನು ಕೂಡ ತಿರುಗಿ ನೋಡಿದ.

"ಏನಂದ್ರಿ?" ಎಂದಳು ಅಕ್ಕ.

"ಅಲ್ಲ, ಅವರ ಮನೆ ಅವರಿಗೆ ಒಗ್ಗಿದೆ. ಸ್ಕೂಲೂ ಹತ್ತಿರ. ಮನುಷ್ಯನಿಗೆ ಸ್ವಂತ ಜಾಗ ಅನ್ನೋದು ದೊಡ್ಡದು ಕಣೇ."

"ಇವನ ಊಟಕ್ಕೆ ಏನ್ರೀ ಗತಿ?"

"ನಾನು ತಂದ್ಕೊಡ್ತೀನಿ."

"ನೀವು? ಹಾಲಿನ ಪ್ಯಾಕೆಟ್ ತರೋಕೇ ಲಿಫ್ಟ್ ಇಳಿಯಲ್ಲ ನೀವು!"

"ತರ್ತೀನಿ ಅಂದ್ನಲ್ಲ. ಬೇಕಾದ್ರೆ ಎರಡು ಹೊತ್ತೂ ತರ್ತೀನಿ."

ಟೆಂಪೋ ಖಾಲಿ ಹೋಯಿತು.

ಭಾವ ಮಾತಿಗೆ ತಪ್ಪಲಿಲ್ಲ. ಎರಡು ಹೊತ್ತೆಂದದ್ದು ವಾರಕ್ಕೆ ಎರಡು ಸಲಕ್ಕೆ ಇಳಿದಿದೆ, ಅಷ್ಟೇ. ಬುಧವಾರ, ಭಾನುವಾರ ಕುಮಾರ ಪಾರ್ಕಿನಿಂದ ಸ್ಕೂಟರಿನಲ್ಲಿ ಕ್ಯಾರಿಯರ್ ತರುತ್ತಾರೆ. ಒಳಗೆ ಬರುವುದಿಲ್ಲ. ಬಾಗಿಲಲ್ಲೇ ನಿಂತು, ಕ್ಯಾರಿಯರನ್ನು ಕೈಯಲ್ಲೇ ಹಿಡಿದುಕೊಂಡು, ಮೊದಲು ಒಂದು ಪ್ರಶ್ನೆ ಕೇಳುತ್ತಾರೆ.

"ಕೆಲಸ ಎಲ್ಲಾ ಮುಗಿದುಬಿಡ್ತೇನು ಮೇಷ್ಟ್ರೇ?"

"ಇಲ್ಲ ಭಾವ, ಇನ್ನೂ ಬೇಕಾದಷ್ಟಿದೆ."

ಆಗ ಅವರ ಮುಖ ಸಡಿಲವಾಗುತ್ತದೆ. "ನಿಧಾನಕ್ಕೆ ಮಾಡಿ. ಇಲ್ಲೇ ಮಾಡಿ" ಎಂದು ಕ್ಯಾರಿಯರನ್ನು ನನ್ನ ಕೈಗೆ ಕೊಡುತ್ತಾರೆ.