ಕೆರಿಯಪ್ಪ ರೇಸು ಮುಗಿಸಿದ್ದು

ಇಷ್ಟಕ್ಕೆಲ್ಲ ಕಾರಣ ತೀರ್ಥಹಳ್ಳಿ ರಸ್ತೆಯಲ್ಲಿ ನೀರಿನ ಪೈಪು ಹೂಳಲು ತೋಡಿದ ಒಂದು ಗುಂಡಿ. ತೋಡಿದವರು ಮುಚ್ಚುವುದನ್ನು ಮರೆತು ಊರಿಗೆ ಹೋದರು. ಹಾಗಾಗಿ ಭಾನುವಾರ ತೀರ್ಥಹಳ್ಳಿಯ ಸುತ್ತ ನಡೆಯಬೇಕಿದ್ದ ಸೈಕಲ್ ರೇಸನ್ನು ಶನಿವಾರ ಸಂಜೆ ಎತ್ತಿ ಈ ಕಡೆ ಹಾಕಿದರು. ಸಾಗರದಲ್ಲಿ ಹೊರಟು, ಆನಂದಪುರ, ರಿಪ್ಪನ್‌ಪೇಟೆ ಹಾದು ಹೊಸನಗರಕ್ಕೆ ಮುಕ್ತಾಯ. ವಾಟ್ಸಾಪಿನಲ್ಲಿ ಈ ಸುದ್ದಿ ಓದಿದ ಕೆರಿಯಪ್ಪ ಕಾಫಿ ಲೋಟ ನೆಲಕ್ಕಿಟ್ಟು, ಹೆಂಡತಿಗೆ "ಕೆಟ್ಟೆ ಕಣೇ ಆಶಾ" ಅಂದ.

ಕೆರಿಯಪ್ಪ ಕೊನೆಗಾರ. ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವನು. ನಮ್ಮ ಸೀಮೆಯಲ್ಲಿ ಮಂತ್ರಿ ಬೇಕಾದರೆ ಸಿಗುತ್ತಾನೆ, ಕೊಯ್ಲಿನ ಕಾಲದಲ್ಲಿ ಕೊನೆಗಾರ ಸಿಗುವುದಿಲ್ಲ. ಅಡಿಕೆ ಹಣ್ಣಾಗಿ ಉದುರತೊಡಗಿದರೆ ತೋಟದವರು ಅವನ ಮನೆ ಜಗಲಿಯಲ್ಲೇ ಬಂದು ಕೂರುತ್ತಾರೆ, ಅವನ ನಾಯಿಗೂ ಬಿಸ್ಕತ್ತು ಹಾಕುತ್ತಾರೆ. ಆದರೆ ಇಷ್ಟೆಲ್ಲ ಉಪಚಾರದ ನಡುವೆ ಒಬ್ಬರಾದರೂ ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಕೊನೆಗಾರ ಬಂದ, ಕೊನೆಗಾರಂಗೆ ಕಾಫಿ ಕೊಡಿ, ಕೊನೆಗಾರ ಎಲ್ಲಿ ಸತ್ತ, ಅಷ್ಟೇ.

ಹೀಗಿರುವಾಗ ಗಣಪತಿ ಹಬ್ಬ ಕಳೆದ ಮೇಲೆ ಸಾಗರ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಕೃಷ್ಣಪ್ರಸಾದ ಒಂದು ಸೈಕಲ್ ತಂಡ ಕಟ್ಟಿದ. ಬ್ಯಾಂಕಿನ ನಟರಾಜ್, ಔಷಧಿ ಅಂಗಡಿಯ ಕಿರಣ್ ಸೇರಿದರು. ನಾಲ್ಕನೆಯವನಾಗಿ ಕೃಷ್ಣಪ್ರಸಾದ ತಾನೇ ಮನೆಗೆ ಬಂದು ಕೆರಿಯಪ್ಪನನ್ನು ಕರೆದ. "ಮರ ಹತ್ತಿದ ಕಾಲು ನಿಮ್ಮದು. ಅಂಥ ಕಾಲು ತಂಡಕ್ಕೆ ಬೇಕು" ಅಂದ. ಸೈಕಲ್ ಕೊಟ್ಟ, ಬೆನ್ನ ಮೇಲೆ ದೊಡ್ಡದಾಗಿ 'ಕೆರಿಯಪ್ಪ' ಎಂದು ಅಚ್ಚಾದ ನೀಲಿ ಅಂಗಿ ಕೊಟ್ಟ. ತಂಡದಲ್ಲಿ ಯಾರೂ ಅಪ್ಪಿತಪ್ಪಿಯೂ ಅಡಿಕೆಯ ಸುದ್ದಿ ಎತ್ತುತ್ತಿರಲಿಲ್ಲ. ಕೆರಿಯಪ್ಪನಿಗೆ ಆ ಅಂಗಿ ಎಂದರೆ ಪ್ರಾಣ.

ತೊಂದರೆ ಒಂದೇ. ಅವನು ಬಲು ನಿಧಾನ. ರೇಸಿನ ಹಿಂದೆ ಕೆಂಪು ಬಾವುಟದ ಜೀಪೊಂದು ಬರುತ್ತದೆ; ಅದು ಯಾರನ್ನು ದಾಟಿತೋ ಅವರು ಔಟು. ತಂಡದ ನಾಲ್ಕೂ ಜನ ಜೀಪಿಗೆ ಮುಂಚೆ ಮುಟ್ಟಿದರೆ ಮಾತ್ರ ತಂಡ ಲೆಕ್ಕಕ್ಕೆ. ಹಿಂದಿನ ಎರಡು ರೇಸಿನಲ್ಲೂ ಕೆರಿಯಪ್ಪ ಸೈಕಲ್ ಸಮೇತ ಜೀಪಿನಲ್ಲಿ ಕೂತು ಊರು ಸೇರಿದ್ದ. ಈ ಸಲವೂ ಹಾಗಾದರೆ ತಂಡದಿಂದ ತೆಗೆಯುತ್ತಾರೆ ಎಂಬುದು ಅವನಿಗೆ ಖಾತ್ರಿಯಾಗಿತ್ತು. "ಈ ಸಲನೂ ಜೀಪಲ್ಲಿ ಬಂದ್ರೆ ಆ ಅಂಗೀಲಿ ನೆಲ ಒರೆಸ್ತೀನಿ" ಎಂದು ಆಶಾ ಬೇರೆ ಹೇಳಿದ್ದಳು.

ಅದಕ್ಕೇ ವಾರವಿಡೀ ಅಭ್ಯಾಸ ಮಾಡಲೆಂದು ಅವನು ತೋಟದವರಿಗೆಲ್ಲ ಫೋನಿನಲ್ಲಿ ಸುಳ್ಳು ಹೇಳಿದ್ದ. ಆನಂದಪುರದ ಸುಬ್ಬರಾಯ ಹೆಗಡೆಯವರಿಗೆ ತನ್ನ ಕಾಲು ಉಳುಕಿದೆ ಎಂದ. ರಿಪ್ಪನ್‌ಪೇಟೆ ದಾರಿಯ ಭೂತಪ್ಪನಿಗೆ ತನ್ನ ಮೈಮೇಲೆ ಸಿಡುಬಿನ ಗುಳ್ಳೆ, ಅಮ್ಮ ಎದ್ದಿದೆ, ಹತ್ತಿರ ಬರಬೇಡಿ ಎಂದ. ಹೊಸನಗರದ ಹತ್ತಿರದ ಪ್ರತಿಮಾ ಟೀಚರಿಗೆ ತನ್ನ ಮಾವ ತೀರಿಕೊಂಡರು ಎಂದ. ಮೂವರ ಮನೆಯೂ ತೀರ್ಥಹಳ್ಳಿಯಿಂದ ದೂರ, ಯಾರೂ ನೋಡುವುದಿಲ್ಲ ಎಂಬ ಧೈರ್ಯ. ಈಗ ನೋಡಿದರೆ ರೇಸು ಮೂರೂ ಮನೆಯ ಗೇಟಿನ ಎದುರೇ ಹಾದು ಹೋಗುತ್ತದೆ.

"ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕ್ಕೊಂಡ್ರೆ ನಿಮ್ಮನ್ನ ಹೆತ್ತವ್ವನಿಗೂ ಗುರುತು ಸಿಗಲ್ಲ" ಅಂದಳು ಆಶಾ.

"ಬೆನ್ನ ಮೇಲೆ ಹೆಸರಿದೆಯಲ್ಲೇ."

"ಅದು ದಾಟಿ ಹೋದ ಮೇಲೆ ತಾನೇ ಕಾಣೋದು. ಸುಮ್ನೆ ತಲೆ ತಗ್ಗಿಸ್ಕೊಂಡು ತುಳೀರಿ."

ಭಾನುವಾರ ಬೆಳಿಗ್ಗೆ ಸಾಗರದಲ್ಲಿ ಸೀಟಿ ಊದಿದಾಗ ಕೆರಿಯಪ್ಪ ತಲೆ ತಗ್ಗಿಸಿ ತುಳಿದ. ಹಿತವಾದ ಎಳೆ ಬಿಸಿಲು, ಎದುರು ಗಾಳಿಯಿಲ್ಲ. ವಾರದ ಅಭ್ಯಾಸ ಕೈ ಕೊಡಲಿಲ್ಲ. ಆನಂದಪುರದವರೆಗೂ ಅವನು ಗುಂಪಿನ ನಡುವೆಯೇ ಇದ್ದ. "ಸೂಪರ್ ಕೆರಿಯಪ್ಪ" ಎಂದು ನಟರಾಜ್ ಹಿಂತಿರುಗಿ ಕೂಗಿದ. ಕೆರಿಯಪ್ಪನಿಗೆ ಹಾಡಬೇಕು ಅನ್ನಿಸಿತು.

ಆದರೆ ಗಂಡ ಹೆಂಡತಿ ಇಬ್ಬರೂ ಒಂದು ವಿಷಯ ಮರೆತಿದ್ದರು. ಕೆರಿಯಪ್ಪನಿಗೆ ಶೂ ಹಾಕಿ ಅಭ್ಯಾಸವಿಲ್ಲ, ಅವನು ತುಳಿಯುವುದು ಬರಿಗಾಲಲ್ಲಿ. ವರ್ಷಗಟ್ಟಲೆ ಮರದ ಬುಡದಲ್ಲಿ ನಿಂತು ಮೇಲೆ ನೋಡಿದವರಿಗೆ ಕೊನೆಗಾರನ ಮುಖಕ್ಕಿಂತ ಅಂಗಾಲೇ ಹೆಚ್ಚು ಪರಿಚಯ. ಗೇಟಿನ ಎದುರು ರೇಸು ನೋಡುತ್ತ ನಿಂತಿದ್ದ ಸುಬ್ಬರಾಯ ಹೆಗಡೆಯವರು ಆ ಅಗಲ ಪಾದ ಕಂಡದ್ದೇ ರಸ್ತೆಗೆ ಇಳಿದು ಹ್ಯಾಂಡಲ್ ಹಿಡಿದರು.

"ಲಕ್ಷ್ಮೀ, ಕೊನೆಗಾರ ಬೈಂದ ನೋಡೇ. ಕಾಲು ಉಳುಕಿದ್ರೂ ಬೈಂದ" ಎಂದು ಅವನು ಬಂದಿರುವುದನ್ನು ತಮ್ಮ ಮನೆಮಾತಿನಲ್ಲಿ ಹೆಂಡತಿಗೆ ಕೂಗಿ ಹೇಳಿ, ಇವನ ಕಡೆ ತಿರುಗಿದರು. "ಎಂಥ ನಿಯತ್ತು ಮಾರಾಯ ನಿಂದು. ಕಾಲು ಊರಕ್ಕೆ ಆಗ್ದಿದ್ರೂ ಸೈಕಲ್ ತುಳ್ಕೊಂಡು ನಮ್ಮನೆ ಕೊಯ್ಲಿಗೆ ಬಂದ್ಯಲ್ಲ."

ಬೈದಿದ್ದರೆ ಕೆರಿಯಪ್ಪ ತಪ್ಪಿಸಿಕೊಂಡು ಓಡುತ್ತಿದ್ದ. ಪ್ರೀತಿಗೆ ಏನು ಮಾಡುವುದು? ಇಳಿದು ಎಡಗಾಲು ಎಳೆದು ಕುಂಟಿದ.

"ಫೋನಲ್ಲಿ ಬಲಗಾಲು ಅಂದಿದ್ಯಲ್ಲ" ಅಂದರು ಲಕ್ಷ್ಮಮ್ಮ.

"ಈಗ ಎಡದ್ದಕ್ಕೂ ಬಂದೈತೆ ಅಮ್ಮಾ."

ಸರಿ, ಎರಡಕ್ಕೂ ಚಿಕಿತ್ಸೆ ಆಯಿತು. ಬಿಸಿ ಎಣ್ಣೆ ಬಂತು, ಹಳೇ ಪಂಚೆ ಹರಿದು ಪಟ್ಟಿಯಾಯಿತು, ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿದರು. ಅಷ್ಟರಲ್ಲಿ ಸೈಕಲ್ಲುಗಳೆಲ್ಲ ದಾಟಿ ಹೋದವು. ಹೊಸನಗರದ ಮೂಳೆ ಡಾಕ್ಟರು ಕಾಯುತ್ತಿದ್ದಾರೆ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು, ಕೆರಿಯಪ್ಪ ಮತ್ತೆ ಸೈಕಲ್ ಹತ್ತುವ ಹೊತ್ತಿಗೆ ಹಿಂದಿನ ತಿರುವಿನಲ್ಲಿ ಕೆಂಪು ಬಾವುಟ ಕಾಣಿಸಿತು. ಪಟ್ಟಿ ಕಟ್ಟಿದ ಕಾಲು ಮಡಚಲು ಬಾರದು. ಬಿಚ್ಚಲು ಪುರುಸೊತ್ತಿಲ್ಲ. ಹಾಗೇ ತುಳಿದ.

ರಿಪ್ಪನ್‌ಪೇಟೆ ದಾರಿಯಲ್ಲಿ ಭೂತಪ್ಪ ರಸ್ತೆ ನಡುವೆಯೇ ನಿಂತಿದ್ದ. ಕೈಯಲ್ಲಿ ಉದ್ದದ ಕೋಲು.

"ಏ ಕೊನೆಗಾರ, ನಿಂತ್ಕ. ಮೈಮೇಲೆ ಅಮ್ಮ ಎದ್ದೈತೆ ಅಂದಿದ್ದೆ, ಬಿಸ್ಲಲ್ಲಿ ಎತ್ಲಾಗ್ ಹೊಂಟೆ? ಹತ್ರ ಬರ್ಬೇಡ ಮತ್ತೆ."

ಮೂಳೆ ಡಾಕ್ಟರ ಸುಳ್ಳು ಇಲ್ಲಿ ನಡೆಯುವುದಿಲ್ಲ. ಕೆರಿಯಪ್ಪ ಹೊಸದೊಂದು ಹೊಸೆದ. "ಹರಕೆ ಭೂತಪ್ಪಣ್ಣ. ಹೊಸನಗರದ ಅಮ್ಮನ ಗುಡಿಗೆ ಸೈಕಲ್ಲಲ್ಲೇ ಬರ್ತೀನಿ ಅಂತ ಹೇಳ್ಕೊಂಡಿದ್ದೆ."

"ಆಗ್ಲೇ ಗುಂಪಾಗಿ ಹೋದ್ರಲ್ಲ, ಅವ್ರು?"

"ಎಲ್ಲ ಹರಕೆಯೋರೆ."

"ಇಷ್ಟು ಜನಕ್ಕೆ ಎದ್ದೈತಾ" ಎಂದು ಭೂತಪ್ಪ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. "ಕಾಲಿಗೇನು ಪಟ್ಟಿ?"

"ಕಾಲಲ್ಲೇ ಜಾಸ್ತಿ ಎದ್ದೈತೆ."

ಭೂತಪ್ಪ ಒಳ್ಳೆಯವನು. ಹರಕೆಗೆ ಅಡ್ಡ ಬರಲಿಲ್ಲ. ಆದರೆ ಹಾಗೇ ಕಳಿಸಲೂ ಇಲ್ಲ. ಒಳಗಿಂದ ಅರಿಸಿನ ಕದಡಿದ ನೀರು ತಂದು ದೂರದಿಂದಲೇ ಬಕೆಟ್ಟು ಬೀಸಿ ಎರಚಿದ. ಬೇವಿನ ಟೊಂಗೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಹೆಲ್ಮೆಟ್ಟಿನ ತೂತುಗಳಿಗೆ ತುರುಕಿದ. ಕೆರಿಯಪ್ಪ ಅಲ್ಲಿಂದ ಹೊರಟಾಗ ಮದುಮಗನ ಹಾಗೆ ಹಳದಿಯಾಗಿದ್ದ. ಜೀಪಿನ ಹಾರ್ನು ಬೆನ್ನಿಗೇ ಬಡಿಯುತ್ತಿತ್ತು.

ಭಯಕ್ಕೆ ಬಂದ ಬಲವೋ ಎಣ್ಣೆ ಉಜ್ಜಿದ ಗುಣವೋ, ಅವನು ಜೀಪನ್ನು ಮತ್ತೆ ಒಂದು ತಿರುವು ಹಿಂದೆ ಹಾಕಿದ. ಇನ್ನೇನು ಹೊಸನಗರ. ಈ ಸಲ ಮುಗಿಸಿಯೇ ಬಿಡುತ್ತೇನೆ ಅಂದುಕೊಂಡ. ಆಗ ರಸ್ತೆ ಬದಿಯಲ್ಲಿ ಸವಾರರಿಗೆಂದು ಕಿತ್ತಳೆ ತೊಳೆ ಹಿಡಿದು ನಿಂತಿದ್ದ ಪ್ರತಿಮಾ ಟೀಚರು, ಅರಿಸಿನ ಮೆತ್ತಿಕೊಂಡ, ಬೇವು ಮುಡಿದ, ಬರಿಗಾಲಿನ ಈ ಆಕೃತಿಯನ್ನು ಕಂಡು ತಟ್ಟೆ ಕೆಳಗಿಟ್ಟು ಅಡ್ಡ ಬಂದರು.

"ಕೊನೆಗಾರ, ಏನಪ್ಪಾ ನಿನ್ನ ಅವತಾರ. ಮಾವನ ಕಾರ್ಯ ಇನ್ನೂ ಮುಗಿದಿಲ್ವಾ?" ಎಂದವರೇ ಸೆರಗಿನಲ್ಲಿ ಕಣ್ಣೊರೆಸಿದರು. "ಎಂಥ ಮನುಷ್ಯ. ವರ್ಷಾ ವರ್ಷ ನಂಗೆ ಜೇನುತುಪ್ಪ ತಂದು ಕೊಡ್ತಿದ್ರು."

ಸತ್ತವರ ಮಾತು ಬಂದಾಗ ಸೈಕಲ್ ಮೇಲೆ ಕೂತಿರುವುದು ಸರಿಯಲ್ಲ. ಕೆರಿಯಪ್ಪ ಇಳಿದು ತಲೆ ಬಾಗಿಸಿ ನಿಂತ.

"ಒಂದು ವಿಷಯ ಹೇಳ್ಲಾ? ಹೆದರಬಾರದು" ಅಂದರು ಟೀಚರು. "ಬೆಳಿಗ್ಗೆ ಬಸ್ಸಿನ ಕಿಟಕೀಲಿ ನಿನ್ನ ಮಾವನ ಹಾಗೇ ಇರೋರು ಒಬ್ರು ನಂಗೆ ಕೈ ಬೀಸಿದ್ರು. ಮೈ ಜುಮ್ ಅಂತು."

ಅಳಿಯನ ರೇಸು ನೋಡಲು ಮಾವ ಮೊದಲ ಬಸ್ಸಿಗೇ ಹೊಸನಗರಕ್ಕೆ ಹೋಗಿದ್ದು ಕೆರಿಯಪ್ಪನಿಗೆ ಗೊತ್ತಿತ್ತು. "ಅವರ ತಮ್ಮ ಇರಬೇಕು ಟೀಚರ್" ಅಂದ.

ಅದೇ ಹೊತ್ತಿಗೆ ಜೀಪು ಬಂತು. ಡ್ರೈವರು ಪಕ್ಕದಲ್ಲಿ ನಿಧಾನ ಮಾಡಿ, "ಹತ್ತಪ್ಪಾ, ಅಭ್ಯಾಸ ಇದೆಯಲ್ಲ" ಎಂದ. ಕೆರಿಯಪ್ಪ ತಲೆ ಅಲ್ಲಾಡಿಸಿದ. ಜೀಪು ಮುಂದೆ ಹೋಯಿತು. ಕೆಂಪು ಬಾವುಟ ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ಅವನಿಗೆ ನಿಜವಾಗಿಯೂ ಅಳು ಬಂತು. ಟೀಚರು ಅವನ ಬೆನ್ನು ಸವರಿ, "ಇಂಥ ಅಳಿಯ ಎಲ್ಲಿ ಸಿಗ್ತಾನೆ" ಅಂದರು.

ತಂಡ ಸೋತಿತು, ತನ್ನ ಅಂಗಿಯೂ ಹೋಯಿತು. ಆದರೂ ಒಂದು ಸಲವಾದರೂ ಗೆರೆ ಮುಟ್ಟಬೇಕು ಎಂಬ ಹಟ ಬಂತು ಅವನಿಗೆ. ಒಬ್ಬನೇ ತುಳಿದ. ಹೊಸನಗರದಲ್ಲಿ ಆಗಲೇ ಶಾಮಿಯಾನದ ಕುರ್ಚಿಗಳು ಒಂದರ ಮೇಲೊಂದು ಏರುತ್ತಿದ್ದವು. ವೈರು ಸುತ್ತುತ್ತಿದ್ದ ಮೈಕಿನವನು ತಲೆ ಎತ್ತಿ ನೋಡಿದ. ಎರಡೂ ಕಾಲಿಗೆ ಪಟ್ಟಿ, ಮೈಯೆಲ್ಲ ಹಳದಿ, ತಲೆ ತುಂಬ ಸೊಪ್ಪು. ಪಾಪ, ಎಲ್ಲೋ ಬೇಲಿಗೆ ಬಿದ್ದು ಎದ್ದು ಬಂದಿದ್ದಾನೆ ಅಂದುಕೊಂಡು ಮೈಕು ಹಿಡಿದ. "ನೋಡಿ ಬಂಧುಗಳೇ, ಛಲ ಅಂದ್ರೆ ಇದು" ಎಂದ. ಗೆರೆ ದಾಟಿದ ಮೇಲೆ ಬೆನ್ನು ಓದಿ, "ಕೆರಿಯಪ್ಪ, ಕೆರಿಯಪ್ಪ" ಎಂದು ಊರಿಗೇ ಕೇಳುವ ಹಾಗೆ ಕೂಗಿದ. ಇದ್ದಬದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸ್ವರ್ಗಸ್ಥ ಮಾವ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಇಷ್ಟು ಸುಖ ಕೆರಿಯಪ್ಪನಿಗೆ ಹಿಂದೆಂದೂ ಆಗಿರಲಿಲ್ಲ.

ಆಮೇಲೆ ತಂಡದವರ ಹತ್ತಿರ ಹೋದ. ಅಂಗಿಗೆ ಕೈ ಹಾಕಿ, "ತಗೊಳ್ಳಿ ಸಾರ್. ನನ್ನಿಂದ ಮೂರು ಸಲ ತಂಡ ಸೋತೈತೆ. ಬೇರೆ ಯಾರಿಗಾದ್ರೂ ಕೊಡಿ" ಅಂದ.

ಕೃಷ್ಣಪ್ರಸಾದ ಅವನನ್ನು ತಬ್ಬಿಕೊಂಡ. "ಹುಚ್ಚು ಹಿಡೀತಾ? ನಿಮ್ಮನ್ನ ಬಿಡೋದಾ? ತಂಡ ಅಂದ್ರೇ ನೀವು."

ನಟರಾಜ್ ಎಳನೀರು ತಂದು ಕೈಗಿಟ್ಟ. ಕಿರಣ್ ನೆಲಕ್ಕೆ ಕೂತು ಕಾಲಿನ ಪಟ್ಟಿ ಬಿಚ್ಚಿ ಮೀನಖಂಡ ಒತ್ತಿ ನೋಡಿದ. "ಮಂಡಿ ಮಡಚಿ. ನೋವಿಲ್ಲ ತಾನೇ? ಎಲ್ಲಿ, ಎರಡೂ ಕೈ ಮೇಲೆತ್ತಿ" ಎಂದು ಕಾಳಜಿಯಿಂದ ವಿಚಾರಿಸಿದ. ಕೆರಿಯಪ್ಪ ಕೈ ಎತ್ತಿದ. ಕಣ್ಣಲ್ಲಿ ನೀರು ಬಂತು. ಸೋಲಿಸಿದವನನ್ನೂ ಹೀಗೆ ನೋಡಿಕೊಳ್ಳುವ ಜನ ಇದ್ದಾರಲ್ಲ.

"ನಿಮಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ ಸಾರ್. ನನ್ನ ಮಕ್ಕಳಾಣೆ" ಅಂದ.

ಮೂವರೂ ಮುಖ ಮುಖ ನೋಡಿಕೊಂಡರು. ಕೃಷ್ಣಪ್ರಸಾದ ಫೋನ್ ತೆಗೆದು ತನ್ನ ಮನೆಮಾತಿನಲ್ಲಿ ಶುರು ಮಾಡಿದ.

"ಅಪ್ಪಯ್ಯ, ಆನು. ಆತು. ಕೊನೆಗಾರ ಸಿಕ್ಕಿದ. ಕೈ ಕಾಲು ಎಲ್ಲ ಸಮ ಇದ್ದು, ಕಿರಣ ನೋಡಿದ. ಆಣೆನೂ ಮಾಡಿದ್ದ. ನಾಳೆಂದ ನಮ್ಮನೆ ತೋಟ, ಆಮೇಲೆ ನಟರಾಜಂದು, ಕಡೆಗೆ ಕಿರಣಂದು. ರೇಸಾ? ಸೋತ್ಯ. ಸೋತ್ರೆ ಎಂತಾತು, ಕೊನೆಗಾರ ಸಿಗ್ಲಿ ಹೇಳೇ ಅಲ್ದ ತಂಡ ಕಟ್ಟಿದ್ದು."

ವರ್ಷಗಟ್ಟಲೆ ಆ ಮಾತಾಡುವ ಮನೆಗಳ ಅಂಗಳದಲ್ಲಿ ಉಂಡ ಕೆರಿಯಪ್ಪನಿಗೆ ಒಂದೊಂದು ಮಾತೂ ಅರ್ಥವಾಯಿತು. ತಂಡ ಕಟ್ಟಿದ್ದೇ ಕೊಯ್ಲಿಗೆ ಕೊನೆಗಾರ ಸಿಗಲಿ ಎಂದು. ಎಳನೀರು ಕೈಯಲ್ಲೇ ಉಳಿಯಿತು. ನಟರಾಜ್ ಆಗಲೇ ಸೈಕಲ್ಲನ್ನು ಎತ್ತಿ ಕೃಷ್ಣಪ್ರಸಾದನ ಕಾರಿನ ಮೇಲೆ ಕಟ್ಟುತ್ತಿದ್ದ.

"ಮುಂದಿನ ರೇಸು ಯಾವಾಗ ಸಾರ್?" ಎಂದು ಕೆರಿಯಪ್ಪ ಮೆಲ್ಲಗೆ ಕೇಳಿದ.

"ಬರೋ ವರ್ಷ ಇದೆಯಲ್ಲ, ಕೊಯ್ಲಿಗೆ ಸ್ವಲ್ಪ ಮುಂಚೆ" ಎಂದು ಕೃಷ್ಣಪ್ರಸಾದ ಕಾರಿನ ಬಾಗಿಲು ತೆಗೆದು ಹಿಡಿದ. "ಹತ್ತಿ, ಹತ್ತಿ. ಇವತ್ತು ನಮ್ಮನೇಲೇ ಊಟ ಮಾಡಿ ಬೇಗ ಮಲಗಿ. ನಾಳೆ ಬೆಳಕು ಹರಿಯೋದ್ರೊಳಗೆ ನೀವು ಮರದ ಮೇಲಿರಬೇಕು."