ಮೇಷ್ಟ್ರಿಗೆ ಅಳಲು ಪುರಸೊತ್ತಿಲ್ಲ

ಬ್ರೇಕ್ ಮೇಷ್ಟ್ರಿಗೆ ಅಳಬೇಕಿತ್ತು. ಹೆಂಡತಿ ತೀರಿಕೊಂಡು ಹತ್ತೊಂಬತ್ತು ದಿನವಾದರೂ, ಪಾಪ, ಅದಕ್ಕೊಂದು ಗಳಿಗೆ ಬಿಡುವು ಸಿಕ್ಕಿರಲಿಲ್ಲ. ಕಣ್ಣು ಒದ್ದೆಯಾಗುವಷ್ಟರಲ್ಲಿ ಯಾರಾದರೂ ಫ್ಲಾಸ್ಕ್ ಹಿಡಿದು ಬಾಗಿಲು ತಟ್ಟುತ್ತಿದ್ದರು. "ಧೈರ್ಯ ತಗೋಬೇಕು ಮೇಷ್ಟ್ರೇ," ಎನ್ನುತ್ತಿದ್ದರು. ಇವರು ಧೈರ್ಯವನ್ನೂ ಕಾಫಿಯನ್ನೂ ತೆಗೆದುಕೊಳ್ಳುತ್ತಿದ್ದರು.

ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿ, ಕಲಿಯುವವರ ಪಕ್ಕದಲ್ಲಿ ಕೂತು "ಬ್ರೇಕ್, ಬ್ರೇಕ್" ಎಂದು ಕೂಗಿ ಸಂಪಾದಿಸಿದ ಹೆಸರದು. ಮಳೆ ಹಿಡಿದಾಗಲೆಲ್ಲ ಹೆಂಡತಿ ಕೇಳುತ್ತಿದ್ದಳು: "ಊರಾಚೆ ಹೊಲಗಳ ಕಡೆ ನಿಧಾನಕ್ಕೆ ಒಂದು ಸುತ್ತು ಹೋಗ್ಬರೋಣ್ವಾ? ನಾವಿಬ್ರೇ." ಮೇಷ್ಟ್ರು "ಮುಂದಿನ ಭಾನುವಾರ" ಎನ್ನುತ್ತಿದ್ದರು. ಭಾನುವಾರ ಬಂದರೆ ಕಲಿಯುವವರ ದಂಡೇ ಬರುತ್ತಿತ್ತು.

ಈ ಭಾನುವಾರ ಚಳಿ, ಜಿಟಿಜಿಟಿ ಮಳೆ. ಮೇಷ್ಟ್ರು ಪಾಠಗಳನ್ನೆಲ್ಲ ರದ್ದು ಮಾಡಿ, ಒಗೆದ ಕರ್ಚೀಫು ಜೇಬಿಗಿಟ್ಟುಕೊಂಡು, ಕಳ್ಳನ ಹಾಗೆ ಕಾರು ಹತ್ತಿದರು. ಹೊಲಗಳ ನಡುವೆ ನಿಲ್ಲಿಸಿ, ಅವಳ ಕ್ಷಮೆ ಕೇಳಿ, ಮನಸಾರೆ ಅತ್ತು ಬರುವುದು ಅವರ ಯೋಚನೆ.

ಗೇಟು ದಾಟುವ ಮೊದಲೇ ಎದುರು ಮನೆ ಅಕ್ಕ ಕೊಡೆ ಅಡ್ಡ ಹಿಡಿದರು.

"ಎಲ್ಲಿಗೆ, ಒಬ್ರೇ?"

"ಹೀಗೇ, ಒಂದು ಸುತ್ತು."

"ಈ ಸ್ಥಿತಿಲಿ ಒಬ್ರೇ ಹೋಗ್ಬಾರ್ದು. ನಾನೂ ಬರ್ತೀನಿ. ಪೋಸ್ಟ್‌ಮಾಸ್ಟರೇ, ನೀವೂ ಬನ್ನಿ."

ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಾದು ಕೂತಿದ್ದವರಂತೆ ಮಂಕಿಕ್ಯಾಪಿನಲ್ಲೇ ಇಳಿದು ಬಂದು ಹಿಂದಿನ ಸೀಟು ಹಿಡಿದರು. ಅಕ್ಕ ಮುಂದೆ, ಮೇಷ್ಟ್ರು ದಿನಾ ಕೂರುವ ಜಾಗದಲ್ಲಿ ಕೂತರು. ಡ್ರೈವಿಂಗ್ ಸ್ಕೂಲಿನ ಕಾರಲ್ಲವೇ, ಅಲ್ಲೂ ಒಂದು ಬ್ರೇಕಿತ್ತು.

ಊರು ಹಿಂದಾಯಿತು. ಎರಡೂ ಕಡೆ ನೆನೆದ ಜೋಳದ ಹೊಲ, ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಅವಳು ಕೇಳಿದ್ದು ಇದನ್ನೇ, ಇಷ್ಟನ್ನೇ. ಮೇಷ್ಟ್ರ ಕಣ್ಣಿಗೆ ಎದುರಿನ ರಸ್ತೆ ಮಂಜಾಯಿತು. ಅಷ್ಟರಲ್ಲಿ ಕಾರು ಗಕ್ಕನೆ ನಿಂತಿತು. ಅಕ್ಕ ಬಿಕ್ಕಿದ್ದರು, ಬಿಕ್ಕುವಾಗ ಬ್ರೇಕು ತುಳಿದಿದ್ದರು.

"ನನಗೆ ಅಂತ ಇದ್ದವಳು ಅವಳೊಬ್ಬಳೇ ಕಣ್ರೀ. ಬೆಳಿಗ್ಗೆ ಎದ್ದು ಈಗ್ಲೂ ನಿಮ್ಮನೆ ಅಡುಗೆಮನೆ ಕಿಟಕಿ ನೋಡ್ತೀನಿ."

ಸತ್ತದ್ದು ಯಾರ ಮನೆಯವಳು ಎಂದು ಮೇಷ್ಟ್ರಿಗೇ ಒಂದು ಗಳಿಗೆ ಅನುಮಾನವಾಯಿತು. ಕರ್ಚೀಫು ತೆಗೆದು ಕೊಟ್ಟರು.

"ಧೈರ್ಯ ತಗೋಬೇಕು ಅಕ್ಕಾ."

ಹಿಂದಿನಿಂದ ಸಣ್ಣ ದನಿ ಬಂತು. "ನನ್ನ ಬೆಕ್ಕು ಹೋಗಿ ಒಂದು ತಿಂಗಳಾಯ್ತು ಮೇಷ್ಟ್ರೇ. ಮನೇಲಿ ಅತ್ರೆ ಸೊಸೆ ನಗ್ತಾಳೆ. ಇಲ್ಲಿ ಅಳಬಹುದಾ?"

"ಅಳಿ," ಎಂದರು ಮೇಷ್ಟ್ರು. ಬೇರೇನು ಹೇಳಿಯಾರು?

ಆಮೇಲೆ ಕಾರು ಕಪ್ಪೆಯಂತೆ ಕುಪ್ಪಳಿಸುತ್ತ ಸಾಗಿತು. ಅಕ್ಕ ಬಿಕ್ಕಿದರೆ ನಿಲ್ಲುತ್ತಿತ್ತು, ಸಮಾಧಾನವಾದರೆ ಹೊರಡುತ್ತಿತ್ತು. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಹಿಂದಿನವರ ಮೊಣಕಾಲು ತಟ್ಟುತ್ತ ಮೇಷ್ಟ್ರು ಇಬ್ಬರನ್ನೂ ಸಂತೈಸಿದರು. ಕರ್ಚೀಫು ಹಿಂಡುವಂತಾಯಿತು. ಅವರ ಸರದಿ ಬರಲೇ ಇಲ್ಲ.

ವಾಪಸ್ಸು ಬಂದಾಗ ಅಕ್ಕ "ಎದೆ ಹಗುರಾಯ್ತು" ಎಂದು ಇಳಿದರು. ಇಳಿಯುವಾಗ ಮೇಷ್ಟ್ರ ಒಣಗಿದ ಕಣ್ಣು ನೋಡಿ ಹುಬ್ಬು ಗಂಟಿಕ್ಕಿದರು.

ಇಬ್ಬರೂ ಹೋದ ಮೇಲೆ ಮೇಷ್ಟ್ರು ಕಾರಿನಲ್ಲೇ ಬಹಳ ಹೊತ್ತು ಕೂತಿದ್ದರು. ಗಾಜೆಲ್ಲ ಮಬ್ಬಾಗಿ ಬೀದಿ ಕಾಣದಾಯಿತು. ಅವರು ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದರು.

"ತಡ ಮಾಡ್ಬಿಟ್ಟೆ ಕಣೇ," ಎಂದರು. ಮೊದಲ ಹನಿ ರೆಪ್ಪೆಯವರೆಗೆ ಬಂತು.

ಯಾರೋ ಗಾಜು ತಟ್ಟಿದರು. ಇಳಿಸಿ ನೋಡಿದರೆ ಇಡೀ ಬೀದಿಯೇ ಕೊಡೆ ಹಿಡಿದು ನಿಂತಿದೆ, ಮುಂದೆ ಅಕ್ಕ.

"ಮೇಷ್ಟ್ರೇ, ಇವತ್ತು ನಾವಿಬ್ರೂ ಅಷ್ಟು ಅತ್ವಿ, ನೀವು ಒಂದು ಹನಿ ಹಾಕ್ಲಿಲ್ಲ. ದುಃಖ ಒಳಗೇ ಇಟ್ಕೋಬಾರ್ದು. ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೀವಿ, ನೀವು ಅಳೋವರೆಗೂ ನಿಮ್ಮನ್ನ ಒಂದು ನಿಮಿಷ ಒಂಟಿಯಾಗಿ ಬಿಡಲ್ಲ. ಹಗಲೂ ರಾತ್ರಿ ಪಾಳಿ ಹಾಕಿದ್ದೀವಿ."

ಪೋಸ್ಟ್‌ಮಾಸ್ಟರು ಕಂಕುಳಲ್ಲಿ ದಿಂಬು ಇಟ್ಟುಕೊಂಡು ಮುಂದೆ ಬಂದರು. "ಮೊದಲ ಪಾಳಿ ನಂದು," ಎಂದು ಬಾಗಿಲು ತೆಗೆದು, ಆ ಖಾಲಿ ಸೀಟಿನಲ್ಲಿ ಕೂತರು.

"ಹೂಂ, ಈಗ ಅಳಿ," ಎಂದರು ಅಕ್ಕ. "ನಾವೆಲ್ಲ ಇದ್ದೀವಿ."

ಎಲ್ಲರೂ ಬಗ್ಗಿ ನೋಡುತ್ತಿದ್ದರು. ಮೇಷ್ಟ್ರು ನಿಜಕ್ಕೂ ಪ್ರಯತ್ನಪಟ್ಟರು. ಬರಲಿಲ್ಲ.