ಬ್ಯಾಟರಿಗೆ ಚಳಿ

ಆ ಶನಿವಾರ ಬೆಳಿಗ್ಗೆ ಹಾರ್ಲೋ ಬೀದಿಯವರೆಲ್ಲ ತಮ್ಮ ಅಂಗಳದ ಹಿಮವನ್ನು ಎತ್ತಿ ಬೀದಿಬದಿಗೆ ಹಾಕುತ್ತಿದ್ದರು. ಲಾರ್ನ್ ಕೊವಾಲ್ಚುಕ್ ಒಬ್ಬ ಮಾತ್ರ ಬೀದಿಬದಿಯ ಹಿಮವನ್ನು ಎತ್ತಿ ತಂದು ಅಂಗಳದಲ್ಲಿದ್ದ ಕಾರಿನ ಮೇಲೆ ಸುರಿಯುತ್ತಿದ್ದ.

ಇಷ್ಟಕ್ಕೆಲ್ಲ ಕಾರಣ ಎರಡು ತಗಡಿನ ಚೂರು. ಕಾರಿನ ಹಿಂದೊಂದು ಮುಂದೊಂದು ಇದ್ದ ನಂಬರ್ ಪ್ಲೇಟುಗಳು ನ್ಯೂಯಾರ್ಕ್ ರಾಜ್ಯದವು. ಕಾರು ಅವನ ಷಡ್ಡಕ ಚೆಸ್ಟರನದು. ಲಾರ್ನನ ಹೆಂಡತಿ ಡಾರ್ಲೀನಳ ತಂಗಿ ಗೇಲಳನ್ನು ಮದುವೆಯಾಗಿ ಅಮೆರಿಕದ ಬಫಲೋದಲ್ಲಿ ಸಂಸಾರ ಹೂಡಿದ್ದ ಚೆಸ್ಟರ್, ಒಂದು ಫೋನೂ ಮಾಡದೆ ಗಡಿಯ ಸೇತುವೆ ದಾಟಿ ಹ್ಯಾಮಿಲ್ಟನ್ನಿಗೆ ಬಂದುಬಿಟ್ಟಿದ್ದ.

ಬೇರೆ ದಿನವಾಗಿದ್ದರೆ ಲಾರ್ನ್ ಅವನನ್ನು ತಬ್ಬಿಕೊಳ್ಳುತ್ತಿದ್ದ. ಆದರೆ ಗಡಿಯಾಚೆಯ ಅಮೆರಿಕದವರು ಉಕ್ಕಿನ ಮೇಲೆ ಸುಂಕ ಹೇರಿದ ಮೇಲೆ ಲಾರ್ನನ ಉಕ್ಕಿನ ಕಾರ್ಖಾನೆಯ ಕೆಲಸ ಹೋಗಿತ್ತು. ಕೆಲಸ ಹೋದವನಿಗೆ ಉಳಿದಿದ್ದ ಒಂದೇ ಮರ್ಯಾದೆಯೆಂದರೆ ಅವನೇ ಹುಟ್ಟುಹಾಕಿದ ಬೀದಿಯ ಸ್ವದೇಶಿ ಸಮಿತಿ. ಅದರ ಹೆಸರಿನಲ್ಲಿ ಅವನು ಅಮೆರಿಕದ ಮಾಲು ಹುಡುಕುತ್ತ ಮನೆಮನೆಗೆ ನುಗ್ಗಿ ಫ್ರಿಜ್ಜಿನ ಬಾಗಿಲು ತೆಗೆಸಿದ್ದ. ಎದುರು ಮನೆಯ ಒಡೆಟ್ ಅಜ್ಜಿಯ ಫ್ಲಾರಿಡಾ ಕಿತ್ತಳೆಗಳನ್ನು ಚೀಲದ ಸಮೇತ ಎತ್ತಿಕೊಂಡು ಹೋಗಿ ಚರ್ಚಿನ ಉಚಿತ ದಿನಸಿ ಮಳಿಗೆಗೆ ಕೊಟ್ಟಿದ್ದ. ಪಕ್ಕದ ಮನೆಯ ಡೆಸ್ಮಂಡನಿಗೆ, ಅವನು ಬಾಯಿಗಿಟ್ಟಿದ್ದ ಅಮೆರಿಕದ ಚಿಪ್ಸಿನ ಪೊಟ್ಟಣ ಕಿತ್ತುಕೊಂಡು, "ದೇಶ ತಿನ್ನೋದಕ್ಕಿಂತ ಹಸ್ಕೊಂಡಿರೋದು ಮೇಲು" ಎಂದು ಭಾಷಣ ಬಿಗಿದಿದ್ದ.

ಇಂದು ಸಂಜೆ ಬೀದಿಯವರೆಲ್ಲ ಲಾರ್ನನ ಮನೆಯಲ್ಲೇ ಊಟಕ್ಕೆ ಸೇರುವವರಿದ್ದರು. ಏರುತ್ತಿರುವ ದಿನಸಿ ಬೆಲೆ, ಮನೆ ಬಾಡಿಗೆಗಳ ಬಗ್ಗೆ ನಗರಸಭೆಯಲ್ಲಿ ಬೀದಿಯ ಪರವಾಗಿ ಮಾತಾಡುವವರನ್ನು ಆರಿಸಬೇಕಿತ್ತು. ಆರಿಸುವುದೇನು, ಲಾರ್ನನೇ ಅನ್ನುವುದು ಗೊತ್ತೇ ಇದ್ದ ಸಂಗತಿ. ಅವನು ಇಸ್ತ್ರಿ ಮಾಡಿಸಿದ ಅಂಗಿಯನ್ನು ಕುರ್ಚಿಗೆ ನೇತುಹಾಕಿಯೂ ಆಗಿತ್ತು.

ಅಂಥ ದಿನ ಚೆಸ್ಟರ್ ಬಂದದ್ದು. ಬಂದದ್ದು ಬರಿಗೈಯಲ್ಲಿ ಅಲ್ಲ. ಇಟ್ಟಿಗೆಯಂಥ ಎರಡು ಚೀಸಿನ ಗಟ್ಟಿ, ಒಂದು ಬುಟ್ಟಿ ಬೆಣ್ಣೆ.

"ನಿಮ್ಮ ಕಡೆ ಹಾಲು ಬೆಣ್ಣೆ ಬೆಲೆ ಮುಟ್ಟೋ ಹಾಗಿಲ್ಲವಂತೆ. ಗೇಲ್ ಕಳಿಸಿದ್ಲು," ಎಂದ ಚೆಸ್ಟರ್, ಬೂಟು ಬಿಚ್ಚುತ್ತ.

ಡಾರ್ಲೀನಳ ಕಣ್ಣಲ್ಲಿ ನೀರು ಬಂತು. ಅವಳು ಬೆಣ್ಣೆಯನ್ನು ಬ್ರೆಡ್ಡಿಗೆ ಸವರದೆ ತೋರಿಸಿ ತಿನ್ನಿಸುತ್ತಿದ್ದ ಕಾಲ ಅದು. ಲಾರ್ನನ ಕಣ್ಣು ಮಾತ್ರ ಕಿಟಕಿಯಾಚೆಯ ಪ್ಲೇಟಿನ ಮೇಲಿತ್ತು.

"ಚೆಸ್ಟರ್, ನೀನು ಕೆಳಗೆ ನೆಲಮಾಳಿಗೆಗೆ ಹೋಗಿ ಮಲಕ್ಕೊ. ದಣಿದಿದ್ದೀಯ."

"ದಣಿದಿಲ್ಲ ಮಾರಾಯ. ಇಲ್ಲಿಂದ ಅಲ್ಲಿಗೇನು..."

"ಕೆಳಗೆ ಬೆಚ್ಚಗಿರತ್ತೆ. ನಾನು ಕರೆಯೋ ತನಕ ಮೇಲೆ ಬರಬೇಡ."

ಡಾರ್ಲೀನ್ ಗಂಡನನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ಲಾರ್ನನ ಕಿವಿ ಕೆಂಪಾಯಿತು. ಆದರೂ ಸಲಿಕೆ ಎತ್ತಿಕೊಂಡು ಹೊರಗೆ ಓಡಿದ.

ಮೊದಲು ಪ್ಲೇಟುಗಳಿಗಷ್ಟೇ ಹಿಮ ಮೆತ್ತಿದ. ಹಾಗೆ ಮೆತ್ತಿದ ಕಾರು ಹಲ್ಲುನೋವಿಗೆ ದವಡೆ ಕಟ್ಟಿಕೊಂಡವನಂತೆ ಕಂಡು, ಹಾದುಹೋಗುವವರೆಲ್ಲ ತಿರುಗಿ ನೋಡತೊಡಗಿದರು. ಅದಕ್ಕೆ ಬಾನೆಟ್ಟಿನ ಮೇಲೂ ಸುರಿದ. ಆಮೇಲೆ ಚಾವಣಿ. ಹಿಂದಿನ ಗಾಜಿನೊಳಗೆ ಕೆಂಪು ಬಟ್ಟೆಯಂಥದೇನೋ ಕಂಡಿತು. ನೋಡುತ್ತ ನಿಲ್ಲುವ ಪುರಸೊತ್ತಿರಲಿಲ್ಲ. ಅದರ ಮೇಲೂ ನಾಲ್ಕು ಸಲಿಕೆ ಸುರಿದು ತಟ್ಟಿದ.

"ಏನಪ್ಪಾ ಲಾರ್ನ್, ಊರೆಲ್ಲ ಹಿಮ ತೆಗೀತಿದ್ರೆ ನೀನು ಹಾಕ್ತಿದ್ದೀಯಲ್ಲ!"

ಒಡೆಟ್ ಅಜ್ಜಿ ಕಪ್ಪು ಶಾಲು ಹೊದ್ದು ಹಿಂದೆ ನಿಂತಿದ್ದಳು.

"ಅದು... ಬ್ಯಾಟರಿಗೆ ಚಳಿಯಾಗತ್ತೆ ಅಜ್ಜಿ. ಹೀಗೆ ಹೊದಿಸಿದರೆ ಒಳಗೆ ಬೆಚ್ಚಗಿರತ್ತೆ. ಹಿಮದ ಗುಡಿಸಲು ಕಟ್ಟಿಕೊಂಡು ಜನ ಇರಲ್ವೆ, ಹಾಗೆ."

ಅಜ್ಜಿ ಬಹಳ ಹೊತ್ತು ಅವನ ಮುಖ ನೋಡಿದಳು. ಕೆಲಸ ಕಳಕೊಂಡ ಗಂಡಸರ ತಲೆ ಹೀಗೆ ನಿಧಾನಕ್ಕೆ ಸಡಿಲವಾಗುವುದನ್ನು ಅವಳು ತನ್ನ ಗಂಡನಲ್ಲೇ ಕಂಡಿದ್ದಳು. ನೇರ ಹೋಗಿ ಡೆಸ್ಮಂಡನ ಬಾಗಿಲು ಬಡಿದಳು.

ಡೆಸ್ಮಂಡನಿಗೆ ಇಬ್ಬರು ಮಕ್ಕಳು, ಆದರೆ ಪ್ರೀತಿಯೆಲ್ಲ ಹಿಮ ಎಸೆಯುವ ಯಂತ್ರದ ಮೇಲೆ. ಅದನ್ನು ಗುಡುಗುಡು ಅನ್ನಿಸುತ್ತ ಬಂದೇಬಿಟ್ಟ.

"ಸರಿ ಲಾರ್ನ್, ಹಿಂದೆ ಸರಿ. ಕಷ್ಟಕಾಲದಲ್ಲಿ ನೆರೆಯವರು ಇರೋದ್ಯಾಕೆ?"

"ಬೇಡ ಡೆಸ್ಮಂಡ್! ಕಾರು ನನ್ನದಲ್ಲ. ಇಲ್ಲೇ ನಮ್ಮ ಸಡ್‌ಬರಿಯಿಂದ ಡಾರ್ಲೀನ್ ಕಡೆಯವರು ಬಂದಿದ್ದಾರೆ."

"ನೆಂಟರ ಕಾರನ್ನ ಹೂತು ಹಾಕಿದ್ದೀಯಾ? ಎದ್ದು ಬಂದು ನೋಡಿದರೆ ಏನಂದ್ಕೊಂಡಾರು?"

"ಅವರು ಏಳೋ ಹಾಗಿಲ್ಲ. ಜ್ವರ. ಭಾರೀ ಜ್ವರ. ಅಂಟುರೋಗ."

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ಚಕ್ರವೇ ಇತ್ತು. ಜ್ವರ ಎಂಬ ಮಾತು ಕಿವಿಗೆ ಬಿದ್ದದ್ದೇ ಒಡೆಟ್ ಅಜ್ಜಿ, "ಅಯ್ಯೋ ಪಾಪ, ಸೊಪ್ಪಿನ ಸಾರು ಮಾಡ್ಕೊಂಡು ಬರ್ತೀನಿ," ಎಂದು ಮನೆಗೆ ಓಡಿದಳು. ಚೆಸ್ಟರನಿಗೆ ಜ್ವರ ಬಂದಿರುವ ಸಂಗತಿಯನ್ನು ಚೆಸ್ಟರನಿಗೇ ತಿಳಿಸಬೇಕಲ್ಲ ಎಂದು ಲಾರ್ನ್ ಒಳಗೆ ಓಡಿದ.

ನೆಲಮಾಳಿಗೆ ಖಾಲಿ. ಚೆಸ್ಟರ್ ರಕ್ತದೊತ್ತಡದ ಮಾತ್ರೆ ಕಾರಿನಲ್ಲಿ ಮರೆತಿದ್ದ. ಕರೆಯದೆ ಮೇಲೆ ಬರಬೇಡ ಎಂದಿದ್ದರಿಂದ ಮೇಲೆ ಬರದೆ, ನೆಲಮಾಳಿಗೆಯ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿದ್ದ.

ಲಾರ್ನ್ ಅಡುಗೆಮನೆ ಕಿಟಕಿಗೆ ಮುಖ ಒತ್ತಿ ನಿಂತ. ಹೊರಗೆ ಡೆಸ್ಮಂಡ್ ಯಂತ್ರ ನಡೆಸುತ್ತಿದ್ದ, ಚೆಸ್ಟರ್ ಕೈಯಿಂದ ಹಿಮ ಬಾಚುತ್ತಿದ್ದ. ಇಬ್ಬರೂ ಹಳೇ ಗೆಳೆಯರಂತೆ ನಗುತ್ತಿದ್ದರು. ಹಿಂದಿನ ಗಾಜು ತೆರೆದುಕೊಂಡಿತು. ಒಳಗೆ ಗಾಜಿನಗಲಕ್ಕೂ ಕಟ್ಟಿದ್ದ ಬಟ್ಟೆ. ನಡುವೆ ಕೈಯಿಂದ ಹೊಲಿದ ಕೆಂಪು ಮೇಪಲ್ ಎಲೆ, ಲಾರ್ನನ ದೇಶದ ಬಾವುಟದ್ದು. ಅದರ ಕೆಳಗೆ ನ್ಯೂಯಾರ್ಕಿನ ಪ್ಲೇಟು.

ಯಂತ್ರ ನಿಂತಿತು. ಲಾರ್ನ್ ಹೊರಗೆ ಬರುವಷ್ಟರಲ್ಲಿ ಚೆಸ್ಟರ್ ಟೊಪ್ಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ.

"ನನ್ನ ಹೆಂಡತಿ ಹೊಲಿದದ್ದು," ಎನ್ನುತ್ತಿದ್ದ. "ನಮ್ಮವರು ನಿಮಗೆ ಮಾಡಿದ್ದಕ್ಕೆ ನಾಚಿಕೆಯಾಗತ್ತೆ. ಫೋನ್ ಮಾಡಿ ಹೇಳೋಕೂ ಮುಖ ಇರಲಿಲ್ಲ. ಅದಕ್ಕೇ ಬಂದುಬಿಟ್ಟೆ, ಕ್ಷಮೆ ಕೇಳಿ ಹೋಗೋಣ ಅಂತ."

ಡೆಸ್ಮಂಡ್ ಅವನನ್ನು ತಬ್ಬಿಕೊಂಡ. ಬಿಟ್ಟ ಮೇಲೆ ಲಾರ್ನನ ಕಡೆ ತಿರುಗಿದ.

"ಲೋ ಲಾರ್ನ್, ನೀನು ನಮ್ಮ ಬಾವುಟವನ್ನೇ ಹೂತುಬಿಟ್ಟಿದ್ದೀಯಲ್ಲೋ!"

ಅಷ್ಟರಲ್ಲಿ ಅಜ್ಜಿ ಹಬೆಯಾಡುವ ಪಾತ್ರೆ ಹಿಡಿದು ಬಂದಳು. "ಎಲ್ಲಿ, ಸಡ್‌ಬರಿಯ ಜ್ವರದವರು?"

"ನಾನು ಬಫಲೋದವನು ತಾಯಿ," ಎಂದ ಚೆಸ್ಟರ್. "ಜ್ವರ ಏನೂ ಇಲ್ಲ."

ಚೆಸ್ಟರ್ ಕಾರನ್ನು ನೋಡಿದ, ಲಾರ್ನನ ಕೈಯಲ್ಲಿದ್ದ ಸಲಿಕೆ ನೋಡಿದ. ಮೆಲ್ಲಗೆ ಕೇಳಿದ:

"ನನ್ನನ್ನ ಬಚ್ಚಿಟ್ಟಿದ್ದೀಯೇನೋ, ಲಾರ್ನ್?"

ಸಿಟ್ಟಿನಿಂದ ಕೇಳಿದ್ದರೆ ಲಾರ್ನ್ ಏನಾದರೂ ಹೇಳುತ್ತಿದ್ದ. ಅವನು ಕೇಳಿದ್ದು ನೊಂದು. ಲಾರ್ನನಿಗೆ ತಾನೇ ಆ ಹಿಮದೊಳಗೆ ಹೊಕ್ಕು ಮೇಲೆ ನಾಲ್ಕು ಸಲಿಕೆ ಎಳೆದುಕೊಳ್ಳೋಣ ಅನ್ನಿಸಿತು. ಅಜ್ಜಿ ಸಾರಿನ ಪಾತ್ರೆಯನ್ನು ಚೆಸ್ಟರನ ಕೈಗಿತ್ತು, ಅವನ ತೋಳು ಹಿಡಿದು ತನ್ನ ಮನೆಗೇ ಕರೆದುಕೊಂಡು ಹೋದಳು.

ಸಂಜೆಗೆ ಬೀದಿಯೆಲ್ಲ ಸೇರಿತು. ಡಾರ್ಲೀನ್ ಬೇಯಿಸಿದ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳನ್ನು ಎಲ್ಲರೂ ತಿಂದರು. ಮಾತಾಡಿದವನು ಚೆಸ್ಟರ್ ಒಬ್ಬನೇ.

"ಸುಂಕ ಹಾಕಿದರೆ ನಮ್ಮ ಉಕ್ಕಿನ ಕಾರ್ಖಾನೆಗೆ ಲಾಭ ಅಂದ್ರು. ನಮ್ಮ ಪಾಳಿಯನ್ನೂ ಕಡಿದ್ರು. ಲಾರ್ನ್ ಕೆಲಸ ಕಿತ್ಕೊಂಡು ನನಗೇನೂ ಕೊಟ್ಟಿಲ್ಲ. ಅಂಗಡಿಯ ಯಜಮಾನರು ಆಚೆ ದಡದಲ್ಲಿ ನಮ್ಮ ಬಾವುಟ ಅಂಟಿಸಿ ಬೆಲೆ ಏರಿಸ್ತಾರೆ, ಈಚೆ ದಡದಲ್ಲಿ ನಿಮ್ಮದು ಅಂಟಿಸಿ ಏರಿಸ್ತಾರೆ. ಜೇಬು ಹರಿದದ್ದು ನಮ್ಮಿಬ್ಬರದೇ."

ಚಪ್ಪಾಳೆಗೆ ತಟ್ಟೆಗಳು ಅಲ್ಲಾಡಿದವು. ಲಾರ್ನ್ ಎದ್ದು ನಿಂತ. ಇಸ್ತ್ರಿ ಅಂಗಿಯೊಳಗೆ ಬೆವರುತ್ತಿದ್ದ.

"ನನ್ನದು ತಪ್ಪಾಯ್ತು. ನಾನೂ ಕ್ಷಮೆ ಕೇಳ್ತೀನಿ."

"ಅವನು ಯಾರೂ ಕೇಳದೆ ಇದ್ದಾಗ ಬಂದು ಹೇಳಿದ," ಎಂದಳು ಒಡೆಟ್ ಅಜ್ಜಿ. "ನೀನು ಸಿಕ್ಕಿಬಿದ್ದ ಮೇಲೆ ಹೇಳ್ತಿದ್ದೀಯ. ಎರಡೂ ಒಂದೇ ತಕ್ಕಡಿಗೆ ಬರಲ್ಲಪ್ಪ."

ನಗರಸಭೆಗೆ ಡೆಸ್ಮಂಡ್ ಹೋಗುವುದೆಂದು ಆಯಿತು. ಇನ್ನು ಸಮಿತಿ. ಅದನ್ನು ಮುಚ್ಚೋಣ ಎಂದು ಡಾರ್ಲೀನ್ ಅಂದಳು. "ಯಾಕೆ ಮುಚ್ಚಬೇಕು?" ಎಂದಳು ಅಜ್ಜಿ. "ಫ್ರಿಜ್ ನೋಡೋಕೆ ಬೀದಿಗೊಬ್ಬ ಸುಳ್ಳು ಹೇಳದ ಮನುಷ್ಯ ಬೇಕಿತ್ತು. ಈಗ ಸಿಕ್ಕಿದ್ದಾನೆ."

ಹೀಗೆ ಅಮೆರಿಕದ ಮಾಲು ಹಿಡಿಯುವ ಕೆಲಸಕ್ಕೆ ಅಮೆರಿಕದವನನ್ನೇ ನೇಮಿಸಿದರು. ಒಂದು ರಾತ್ರಿಯ ಮಟ್ಟಿಗೆ, ತಮಾಷೆಗೆ. ಆದರೆ ಚೆಸ್ಟರ್ ವಹಿಸಿದ ಕೆಲಸವನ್ನು ಅರ್ಧ ಮಾಡುವ ಜಾತಿಯವನಲ್ಲ.

"ಮೊದಲು ಯಾರ ಮನೆ?" ಎಂದ.

"ನಿಂತಿರೋ ಮನೆಯಿಂದಲೇ ಶುರು ಮಾಡು," ಎಂದ ಡೆಸ್ಮಂಡ್.

ಚೆಸ್ಟರ್ ಫ್ರಿಜ್ ತೆಗೆದ. ತಾನೇ ತಂದ ಎರಡು ಗಟ್ಟಿ ಚೀಸನ್ನೂ ಬುಟ್ಟಿ ಬೆಣ್ಣೆಯನ್ನೂ ಬಹಳ ಹೊತ್ತು ನೋಡಿದ. "ಕ್ಷಮಿಸು ಲಾರ್ನ್. ಇದು ನಮ್ಮ ಕಡೇದು," ಎಂದು ಒಂದೊಂದಾಗಿ ಹೊರಗಿಟ್ಟ. ಸಮಿತಿಯ ನಿಯಮ ಲಾರ್ನನೇ ಮಾಡಿದ್ದು: ಸಿಕ್ಕಿದ ಮಾಲು ಚರ್ಚಿನ ಮಳಿಗೆಗೆ. ಡಾರ್ಲೀನ್ ಬೆಣ್ಣೆಯ ಹಿಂದೆ ಬಾಗಿಲ ತನಕ ಹೋಗಿ, ಮಗಳನ್ನು ಗಂಡನ ಮನೆಗೆ ಕಳಿಸಿದವಳಂತೆ ನಿಂತಳು.

ಅಲ್ಲಿಗೆ ಮುಗಿಯಿತು ಎನ್ನುವಾಗ ಚೆಸ್ಟರ್ ಬಾಗಿಲ ಬಳಿ ಒರಗಿಸಿದ್ದ ಸಲಿಕೆಯನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಅಮೆರಿಕದ ಒಹಾಯೋದ ಮುದ್ರೆ. ಇಡೀ ಆಯುಷ್ಯ ಉಕ್ಕು ಕಾಯಿಸಿದ ಲಾರ್ನ್ ತನ್ನ ಮನೆಯ ಸಲಿಕೆಯ ಬೆನ್ನನ್ನು ಒಮ್ಮೆಯೂ ನೋಡಿರಲಿಲ್ಲ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಸಲಿಕೆಯೂ ಚೀಸಿನ ಹಿಂದೆಯೇ ಹೋಯಿತು.

ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹೊಸ ಹಿಮ ಬಿದ್ದಿತ್ತು. ಚೆಸ್ಟರ್ ಊರಿಗೆ ಹೊರಡಬೇಕು. ಕಾರು ಮತ್ತೆ ಕಾಣೆ. ಲಾರ್ನ್ ಡಾರ್ಲೀನಳ ಬ್ರೆಡ್ ಬೇಯಿಸುವ ತಟ್ಟೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ತಟ್ಟೆ ಹಿಮ ಎತ್ತತೊಡಗಿದ. ಬೀದಿಯ ಕಿಟಕಿಗಳಲ್ಲೆಲ್ಲ ಮುಖಗಳು. ಡೆಸ್ಮಂಡ್ ತನ್ನ ಯಂತ್ರಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ.

"ಡೆಸ್ಮಂಡ್, ಸ್ವಲ್ಪ ಕೈ ಹಾಕೋ ಮಾರಾಯ," ಎಂದು ಲಾರ್ನ್ ಕೂಗಿದ.

ಎದುರು ಮನೆಯ ಕಿಟಕಿ ತೆರೆಯಿತು. ಒಡೆಟ್ ಅಜ್ಜಿ ಕಿತ್ತಳೆ ಸುಲಿಯುತ್ತ ಹೇಳಿದಳು:

"ಬೇಡ ಬಿಡು ಡೆಸ್ಮಂಡ್. ತೆಗೆದ್ರೆ ಬ್ಯಾಟರಿಗೆ ಚಳಿಯಾದೀತು!"